ಮಂಗಳೂರಿನ ಯೆಹೂದಿ ವರ್ತಕ: ಕಟ್ಟಳೆ, ಕಾಗದ ಮತ್ತು ಅಂತರಂಗ

ನೆಲಮಂಗಲ ತಾಲ್ಲೂಕಿನ ಮಣ್ಣೆ ಇಂದು ಒಂದು ಸಾಧಾರಣ ಹಳ್ಳಿ. ಹನ್ನೆರಡು ಶತಮಾನಗಳ ಹಿಂದೆ ಅದಕ್ಕೆ ಮಾನ್ಯಪುರವೆಂದು ಹೆಸರು. ಗಂಗರಸರ ವಾಸಸ್ಥಾನವಾಗಿದ್ದ ಪಟ್ಟಣ ಅದು. ಸೇನಾಪತಿ ಶ್ರೀವಿಜಯನು ಅಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಗಂಗ ಮಾರಸಿಂಹನ ಕಾಲದಲ್ಲಿ, ಕ್ರಿ.ಶ. 797ರಲ್ಲಿ, ದತ್ತಿ ಬಿಟ್ಟ ಸಂಗತಿಯನ್ನು ತಾಮ್ರಪಟಗಳು ಇಂದಿಗೂ ಹೇಳುತ್ತಿವೆ. ತಾಮ್ರದ ಮೇಲೆ ಕೊರೆಸಿದವರಿಗೆ ತಮ್ಮ ಮಾತು ಉಳಿಯಬೇಕೆಂಬ ಆಸೆಯಿತ್ತು. ಚಂದ್ರಸೂರ್ಯರಿರುವವರೆಗೆ ದಾನ ನಡೆಯಲಿ ಎನ್ನುವುದು ನಮ್ಮ ಶಾಸನಗಳ ಸಾಮಾನ್ಯ ಹಾರೈಕೆಯಷ್ಟೆ.

ವಿದ್ಯಾರ್ಥಿಮಿತ್ರರೇ, ಇತಿಹಾಸದ ಆಕರಗಳಲ್ಲಿ ಇನ್ನೊಂದು ಬಗೆಯಿದೆ. ಉಳಿಯಲಿ ಎಂದು ಯಾರೂ ಬರೆಯದ, ಆದರೂ ಉಳಿದುಬಂದ ಬರಹ ಅದು. ಮೆಣಸಿನ ಲೆಕ್ಕ, ಸಾಮಾನಿನ ಪಟ್ಟಿ, ಸಾಲ ತೀರಿಸದವನ ಮೇಲಿನ ಸಿಟ್ಟು, ಅಣ್ಣತಮ್ಮಂದಿರಿಗೆ ಬರೆದ ಕಾಗದ. ಇಂಥವನ್ನು ಓದಿದ ಮೇಲೆ ನಾವು ನೀವು ಹರಿದು ಎಸೆಯುತ್ತೇವೆ. ಹನ್ನೆರಡನೆಯ ಶತಮಾನದ ಮಂಗಳೂರಿನಲ್ಲಿ ಬಾಳಿದ ಒಬ್ಬ ವರ್ತಕನ ಇಂಥ ಕಾಗದಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಅವು ಉಳಿಯಲು ಕಾರಣವಾದದ್ದು ಒಂದು ಧಾರ್ಮಿಕ ಕಟ್ಟಳೆ. ದೇವರ ಹೆಸರಿರುವ ಬರಹವನ್ನು ಕೈಯಾರೆ ನಾಶ ಮಾಡಬಾರದು ಎಂಬ ಯೆಹೂದ್ಯರ ನಿಷೇಧ ಅದು. ಕಟ್ಟಳೆಗಳನ್ನು ಪಾಲಿಸುವುದರಿಂದ ಮನುಷ್ಯನ ಒಳಗು ಬೆಳೆಯುತ್ತದೆಯೇ ಎಂಬುದು ಹಳೆಯ ಪ್ರಶ್ನೆ. ಅದನ್ನು ಕೇಳಿನೋಡಲು ಈ ವರ್ತಕನ ಬದುಕಿಗಿಂತ ಒಳ್ಳೆಯ ಉದಾಹರಣೆ ನಮ್ಮ ನಾಡಿನ ಚರಿತ್ರೆಯಲ್ಲಿ ಸಿಗುವುದು ಕಷ್ಟ.

ಮೊದಲು ಕಟ್ಟಳೆ ಎಂದರೇನೆಂದು ನೋಡೋಣ. ಹೀಬ್ರೂ ಭಾಷೆಯಲ್ಲಿ ಅದಕ್ಕೆ 'ಮಿತ್ಸ್ವಾ' ಎಂಬ ಪದವಿದೆ. ಆಜ್ಞೆ ಎಂದು ಅರ್ಥ. ಯೆಹೂದಿ ಪರಂಪರೆ ಇವುಗಳ ಸಂಖ್ಯೆಯನ್ನು 613 ಎಂದು ಎಣಿಸುತ್ತದೆ. ಮಾಡು ಎನ್ನುವ ವಿಧಿಗಳು 248, ಮಾಡಬೇಡ ಎನ್ನುವ ನಿಷೇಧಗಳು 365. ಇವೆಲ್ಲ ಒಬ್ಬನೇ ಮನುಷ್ಯ ನಿತ್ಯ ಪಾಲಿಸುವಂಥವಲ್ಲ. ಜೆರೂಸಲೇಮಿನ ದೇವಾಲಯದ ಸೇವೆಗೆ ಸಂಬಂಧಿಸಿದ ಹಲವು ಕಟ್ಟಳೆಗಳು ಕ್ರಿ.ಶ. 70ರಲ್ಲಿ ಆ ದೇವಾಲಯ ರೋಮನರ ಕೈಯಲ್ಲಿ ನಾಶವಾದಾಗಲೇ ಆಚರಣೆಯಿಂದ ತಪ್ಪಿಹೋದವು. ಉಳಿದವು ಮನೆಯೊಳಗಿನ, ಅಂಗಡಿಯೊಳಗಿನ, ಹೊಲದೊಳಗಿನ ಕಟ್ಟಳೆಗಳು. ಕೂಲಿಯವನ ಕೂಲಿಯನ್ನು ಅಂದಿನದನ್ನು ಅಂದೇ ಕೊಡಬೇಕು. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬಾರದು. ಈಜುರೆಕ್ಕೆ, ಹುರುಪೆ ಎರಡೂ ಇರುವ ಮೀನನ್ನಷ್ಟೇ ತಿನ್ನಬೇಕು. ಉಣ್ಣೆ ಮತ್ತು ನಾರಗಸೆಯ ನೂಲನ್ನು ಬೆರೆಸಿದ ಬಟ್ಟೆ ತೊಡಬಾರದು. ಕೆಲವಕ್ಕೆ ಕಾರಣ ಕಣ್ಣಿಗೆ ಕಾಣುತ್ತದೆ. ಕೆಲವಕ್ಕೆ ಎಷ್ಟು ಹುಡುಕಿದರೂ ಕಾಣದು.

ವಾರದ ಏಳನೆಯ ದಿನದ ವಿಶ್ರಾಂತಿ ಈ ಕಟ್ಟಳೆಗಳ ನಡುಗಂಬ. ಶುಕ್ರವಾರ ಹೊತ್ತು ಮುಳುಗಿದಾಗ ಆರಂಭವಾಗಿ ಶನಿವಾರ ರಾತ್ರಿ ಮುಗಿಯುವ ಈ ಸಬ್ಬತ್ ದಿನದಲ್ಲಿ ಮಾಡಬಾರದ ಕೆಲಸಗಳನ್ನು ಹಳೆಯ ಧರ್ಮಶಾಸ್ತ್ರಜ್ಞರು 39 ಬಗೆಯಾಗಿ ವಿಂಗಡಿಸಿದರು. ದೊಡ್ಡಬಳ್ಳಾಪುರದ ನೇಕಾರರ ಮನೆಯ ಮಕ್ಕಳು ಈ ಪಟ್ಟಿಯನ್ನು ಕುತೂಹಲದಿಂದ ಓದಬಹುದು. ಉಣ್ಣೆ ಕತ್ತರಿಸುವುದು, ತೊಳೆಯುವುದು, ಹಿಂಜುವುದು, ಬಣ್ಣ ಹಾಕುವುದು, ನೂಲುವುದು, ಹಾಸು ಹೂಡುವುದು, ಎರಡು ಎಳೆ ನೇಯುವುದು, ಎರಡು ಎಳೆ ಬಿಡಿಸುವುದು, ಗಂಟು ಹಾಕುವುದು, ಗಂಟು ಬಿಚ್ಚುವುದು, ಎರಡು ಹೊಲಿಗೆ ಹಾಕುವುದು ಹೀಗೆ ಮೂರನೆಯ ಒಂದು ಭಾಗ ಬಟ್ಟೆಯ ಕೆಲಸವೇ. ಎರಡೇ ಎರಡು ಎಳೆ! ಇಷ್ಟು ಸಣ್ಣ ಅಳತೆಯೇಕೆ ಎಂದು ನಗು ಬರಬಹುದು. ಆದರೆ ಮಗ್ಗದ ಮುಂದೆ ಕುಳಿತವರಿಗೆ ಗೊತ್ತು, 'ಇನ್ನೊಂದೆರಡು ಎಳೆ ಹಾಕಿ ಏಳುತ್ತೇನೆ' ಎಂದವರು ಏಳುವಾಗ ಒಂದು ಗಂಟೆ ಕಳೆದಿರುತ್ತದೆ. ಇನ್ನೂ ಮುಖ್ಯವಾದ ಅಂಶವೆಂದರೆ ಈ ವಿಶ್ರಾಂತಿ ಯಜಮಾನನಿಗೆ ಮಾತ್ರ ಸೀಮಿತವಲ್ಲ. ಮನೆಯ ಆಳು, ದಾಸಿ, ಎತ್ತು, ಕತ್ತೆಗಳಿಗೂ ಅದು ಸಲ್ಲಬೇಕೆಂದು ಮೂಲ ಆಜ್ಞೆಯೇ ಹೇಳುತ್ತದೆ.

ಈಗ ಮಂಗಳೂರಿಗೆ ಬರೋಣ. ಅಬ್ರಹಾಂ ಬೆನ್ ಯಿಜು ಹುಟ್ಟಿದ್ದು ಇಂದಿನ ಟ್ಯುನೀಸಿಯದ ಮಹ್ದಿಯಾ ಎಂಬ ಕಡಲತಡಿಯ ಪಟ್ಟಣದಲ್ಲಿ. ಈಜಿಪ್ಟ್ ದಾಟಿ ಏಡನ್ ಬಂದರಿಗೆ ಬಂದು, ಅಲ್ಲಿನ ವರ್ತಕರ ಮುಖಂಡ ಮದ್‌ಮುನ್ ಎಂಬುವನ ಆಶ್ರಯ ಪಡೆದು, 1132ರ ವೇಳೆಗೆ ಮಲಬಾರ್ ಕರಾವಳಿಗೆ ಬಂದು ನೆಲೆಸಿದ್ದ. ತುಳುನಾಡಿನಲ್ಲಿ ಆಗ ಆಳುಪರ ಆಳ್ವಿಕೆ. ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನ ಕಾಲ. ಬೇಲೂರಿನ ದೇವಾಲಯ ಪ್ರತಿಷ್ಠೆಯಾಗಿ ಹದಿನೈದು ವರ್ಷವಾಗಿತ್ತು. ಬೆನ್ ಯಿಜು 1149ರವರೆಗೆ, ಅಂದರೆ ಹತ್ತಿರ ಹತ್ತಿರ ಹದಿನೇಳು ವರ್ಷ, ಇಲ್ಲಿಯೇ ಇದ್ದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳಿಸುತ್ತಿದ್ದ. ಅಲ್ಲಿಂದ ಒಡೆದ ಕಂಚು ಹಿತ್ತಾಳೆ ಪಾತ್ರೆಗಳು, ತಾಮ್ರ, ಸೀಸ ಬರುತ್ತಿದ್ದವು. ಅವನ ಕಂಚಿನ ಕಾರ್ಖಾನೆಯಲ್ಲಿ ಕರಗಿಸಿ, ಗಿರಾಕಿ ಕೇಳಿದ ಅಳತೆಗೆ ಹೊಸ ಪಾತ್ರೆ ಮಾಡಿಸಿ ಮರಳಿ ಕಳಿಸುತ್ತಿದ್ದರು. ಹಳೆ ಪಾತ್ರೆ ಕೊಟ್ಟು ಹೊಸ ಪಾತ್ರೆ ಕೊಳ್ಳುವ ನಮ್ಮ ಸಂತೆಯ ಪದ್ಧತಿಯೇ, ನಡುವೆ ಅರಬ್ಬಿ ಸಮುದ್ರ ಮಾತ್ರ.

ಇವನಿಗೆ ಬರುತ್ತಿದ್ದ ಸಾಮಾನಿನಲ್ಲಿ ಪದೇ ಪದೇ ಕಾಣುವ ವಸ್ತುಗಳು ಮೂರು: ಸಕ್ಕರೆ, ಒಣದ್ರಾಕ್ಷಿ, ಕಾಗದ. ಸಬ್ಬತ್ ದಿನದ ಆರಂಭದಲ್ಲಿ ದ್ರಾಕ್ಷಾರಸದ ಬಟ್ಟಲನ್ನು ಹಿಡಿದು ದೇವರನ್ನು ಸ್ತುತಿಸುವ ವಿಧಿಯಿದೆ. ತಾಜಾ ದ್ರಾಕ್ಷಿ ಸಿಗದ ಊರಿನಲ್ಲಿ ಒಣದ್ರಾಕ್ಷಿಯನ್ನು ನೆನೆಹಾಕಿ ಮಾಡಿದ ರಸ ನಡೆಯುತ್ತದೆಂದು ಶಾಸ್ತ್ರ ಒಪ್ಪುತ್ತದೆ. ಮಂಗಳೂರಿಗೆ ಬಂದ ಒಣದ್ರಾಕ್ಷಿಯಲ್ಲಿ ಒಂದಷ್ಟಾದರೂ ಈ ಕಾರ್ಯಕ್ಕೆ ಸಂದಿರಬೇಕೆಂದು ಊಹಿಸುವುದು ಅತಿಯಾಗಲಾರದು. ಕಾಗದದ ಕಥೆ ಬೇರೆ. ನಮ್ಮಲ್ಲಿ ಆಗ ತಾಳೆಗರಿ ಬರಹ. ಬೆನ್ ಯಿಜು ಚೆಂದದ ಅಕ್ಷರದ ಲಿಪಿಕಾರ, ಪದ್ಯವನ್ನೂ ಕಟ್ಟುತ್ತಿದ್ದ. ಕಾಗದಕ್ಕಾಗಿ ಅವನು ಏಡನ್ನಿನ ಗೆಳೆಯರನ್ನೇ ನೆಚ್ಚಬೇಕಾಗಿತ್ತು. ಹಾಗಾಗಿ ಬಂದ ಪತ್ರದ ಹಿಂಬದಿ, ಅಂಚು, ಸಾಲುಗಳ ನಡುವಿನ ಜಾಗ ಯಾವುದನ್ನೂ ಅವನು ಬಿಡಲಿಲ್ಲ. ಒಂದೇ ಹಾಳೆಯಲ್ಲಿ ಗೆಳೆಯನ ಪತ್ರವೂ, ಹಿಂದೆ ಕಾರ್ಖಾನೆಯ ಲೆಕ್ಕವೂ ಇರುವುದುಂಟು.

ಅವನ ಬಳಿ ಬೊಮ್ಮ ಎಂಬ ಆಳು ಇದ್ದ. ಬ್ರಹ್ಮ ಎಂಬುದು ಕನ್ನಡದ ಬಾಯಲ್ಲಿ ಬೊಮ್ಮನಾಗುವುದು ನಿಮಗೆ ಗೊತ್ತೇ ಇದೆ. ಈ ಹೆಸರಿನ ಜಾಡು ಹಿಡಿದು ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು, ತುಳು ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರ ನೆರವು ಪಡೆದು, 1992ರಲ್ಲಿ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಎಂಬ ಪುಸ್ತಕ ಬರೆದರು. ಬೊಮ್ಮ ಯಜಮಾನನ ಸರಕು ಹೊತ್ತು ಹಡಗಿನಲ್ಲಿ ಏಡನ್ನಿಗೆ ಹೋಗಿಬರುತ್ತಿದ್ದ. ಒಮ್ಮೆ ಅಲ್ಲಿ ಕುಡಿತಕ್ಕೆ ಹಣ ಸುರಿದು ಇನ್ನಷ್ಟು ಕೊಡಿ ಎಂದು ಕೇಳಿದನೆಂಬ ದೂರೂ ಮಂಗಳೂರಿಗೆ ಬಂತು. ಆದರೂ ವರ್ಷಗಳು ಕಳೆದಂತೆ ಏಡನ್ನಿನವರು ಅವನನ್ನು ಗೌರವದಿಂದ 'ಶೇಖ್ ಬೊಮ್ಮ' ಎಂದು ಕರೆದು ಕ್ಷೇಮ ಕೇಳುವ ಮಟ್ಟಿಗೆ ಬಂದರು. ಆ ಕಾಲದಲ್ಲಿ ವರ್ತಕರ ಮನೆಯ ಆಳು ಎಂದರೆ ಹಲವು ವೇಳೆ ಪಾಲುದಾರನಂಥ ಕಾರ್ಯಕರ್ತ. ಹಾಗೆಂದು ದಾಸ್ಯವನ್ನು ಚೆಂದಗಾಣಿಸುವ ಅಗತ್ಯವಿಲ್ಲ. ಮನುಷ್ಯರನ್ನು ಕೊಳ್ಳುವುದನ್ನು ಆಗಿನ ಯೆಹೂದಿ ಧರ್ಮಶಾಸ್ತ್ರ ಒಪ್ಪಿತ್ತು, ಇಸ್ಲಾಮಿ ನ್ಯಾಯವೂ ಒಪ್ಪಿತ್ತು, ನಮ್ಮ ದೇಶದ ಶಾಸ್ತ್ರಗಳೂ ಒಪ್ಪಿದ್ದವು.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಒಂದು ಪತ್ರ ಬರೆದ. ಅಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರ ಅದು. ಅವಳಿಗೆ ಬೆರಾಖಾ, ಎಂದರೆ ಆಶೀರ್ವಾದ, ಎಂಬ ಹೀಬ್ರೂ ಹೆಸರಾಯಿತು. ಅವನ ಸಂಸಾರ ಅವಳೊಂದಿಗೆ ನಡೆಯಿತು. ಅವನ ಲೆಕ್ಕದ ಕಾಗದಗಳಲ್ಲಿ 'ನಾಯರ್' ಎಂಬ ಭಾವಮೈದುನನ ಹೆಸರು ಬರುವುದರಿಂದ ಅವಳು ಮಲಬಾರಿನ ನಾಯರ್ ಮನೆತನದವಳಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ.

ಈ ಪತ್ರ ಏಕೆ ಬೇಕಾಯಿತು? ಪ್ರೀತಿಯೊಂದೇ ಇದ್ದಿದ್ದರೆ ಕಾಗದ ಬೇಕಿರಲಿಲ್ಲ. ದಾಸಿಗೆ ಹುಟ್ಟಿದ ಮಗು ದಾಸ್ಯದಲ್ಲೇ ಹುಟ್ಟುತ್ತದೆ ಎಂಬುದು ಯೆಹೂದಿ ನಿಯಮ. ದಾಸಿಯನ್ನು ವಿಧಿವತ್ತಾಗಿ ಬಿಡುಗಡೆ ಮಾಡಿದರೆ ಅವಳು ಪೂರ್ಣ ಯೆಹೂದಿ ಸ್ತ್ರೀಯಾಗುತ್ತಾಳೆ, ಅವಳ ಮಕ್ಕಳು ಸಮಾಜದಲ್ಲಿ ತಲೆಯೆತ್ತಿ ನಿಲ್ಲುತ್ತಾರೆ. ಇಂಥ ಪತ್ರಗಳ ಮಾಮೂಲು ಒಕ್ಕಣೆಯ ತಿರುಳು ಇಷ್ಟು: ಇನ್ನು ಮೇಲೆ ನಿನ್ನ ಮೇಲೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಹಕ್ಕಿಲ್ಲ, ನಿನಗೆ ನೀನೇ ಒಡತಿ. ಹತ್ತಿರದಲ್ಲಿ ಯಾವ ಯೆಹೂದಿ ನ್ಯಾಯಪೀಠವೂ ಇಲ್ಲದ ಊರಿನಲ್ಲಿ, ತನ್ನನ್ನು ಕೇಳುವವರು ಯಾರೂ ಇಲ್ಲದಿರುವಾಗ, ಒಬ್ಬ ಯಜಮಾನ ಕೈಯಾರೆ ತನ್ನ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಆಚರಣೆ ಮನುಷ್ಯನನ್ನು ತಿದ್ದುತ್ತದೆ ಎನ್ನುವವರು ಇಂಥ ಗಳಿಗೆಯನ್ನು ಮುಂದಿಟ್ಟು ವಾದಿಸಬಹುದು. ಅವನ ಮನಸ್ಸಿನಲ್ಲಿ ಏನಿತ್ತೆಂದು ಪತ್ರ ಹೇಳುವುದಿಲ್ಲ. ಕಟ್ಟಳೆ ಅವನನ್ನು ತಡೆದು ನಿಲ್ಲಿಸಿ, 'ಇವಳು ಯಾರು?' ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಡಿಸಿತು ಎಂಬುದಂತೂ ನಿಜ. ನನ್ನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಆ ಕಾಲದ ಕರಾವಳಿಯ ಎಷ್ಟು ಮಂದಿ ದಾಸಿಯರ ಹೆಸರು ನಮಗೆ ದಿನಾಂಕ ಸಹಿತ ಉಳಿದಿದೆ?

ಹಾಗೆಂದು ಈ ವರ್ತಕರನ್ನು ಸಂತರ ಸಾಲಿಗೆ ಸೇರಿಸುವುದು ಬೇಡ. ಏಲಕ್ಕಿಗೆ ಮುಂಗಡ ಪಡೆದ ಸ್ಥಳೀಯ ದಲ್ಲಾಳಿಯೊಬ್ಬ ಮಾಲು ಕೊಡದೆ ಸತಾಯಿಸಿದ. ಏಡನ್ನಿನ ಪಾಲುದಾರರು ಬೆನ್ ಯಿಜುವಿಗೆ ಮೇಲಿಂದ ಮೇಲೆ ಕಾಗದ ಬರೆದು ಒತ್ತಾಯಿಸಿದರು. ಕೊಟ್ಟ ಮಾತು ನಡೆಸದವನಿಗೆ ಏಡನ್ನಿನಲ್ಲಿ ಬಹಿಷ್ಕಾರ ಹಾಕುತ್ತೇವೆಂದು ಅವನನ್ನು ಹೆದರಿಸು ಎಂದೂ ಸೂಚಿಸಿದರು. ಧರ್ಮದ ದಂಡವನ್ನು ಸಾಲ ವಸೂಲಿಗೆ ಬಳಸುವ ಈ ಜಾಣತನ ನೋಡಿ! ಕಟ್ಟಳೆಯು ಆತ್ಮದ ಸಾಧನವಾಗುವಂತೆ ವ್ಯಾಪಾರದ ಆಯುಧವೂ ಆಗಬಲ್ಲದು.

ಬೆನ್ ಯಿಜುವಿನ ಸ್ವಂತ ಪರೀಕ್ಷೆ ಬಂದದ್ದು 1148-49ರಲ್ಲಿ. ಸಿಸಿಲಿಯ ನಾರ್ಮನ್ ದೊರೆ ಎರಡನೆಯ ರೋಜರ್ 1148ರಲ್ಲಿ ಮಹ್ದಿಯಾವನ್ನು ಗೆದ್ದುಕೊಂಡ. ಬೆನ್ ಯಿಜುವಿನ ಒಡಹುಟ್ಟಿದವರು ದಿಕ್ಕಾಪಾಲಾದರು. ಮಕ್ಕಳನ್ನು ಕರೆದುಕೊಂಡು ಅವನು ಏಡನ್ನಿಗೆ ಮರಳಿದ. 1149ರ ಸೆಪ್ಟೆಂಬರ್ 11ರಂದು ತಮ್ಮಂದಿರಿಗೆ ಬರೆದ ಪತ್ರದಲ್ಲಿ, ತಾನು ಗಳಿಸಿದ್ದು ಎಲ್ಲರ ಬದುಕಿಗೂ ಸಾಕಾಗುವಷ್ಟಿದೆ, ಬಂದು ಸೇರಿಕೊಳ್ಳಿ ಎಂದು ತಿಳಿಸಿದ. ತನ್ನ ಮಗಳನ್ನು ಒಡಹುಟ್ಟಿದವರ ಗಂಡುಮಕ್ಕಳಲ್ಲೊಬ್ಬನಿಗೆ ಕೊಡುವುದಾಗಿಯೂ ಬರೆದ. ಇಪ್ಪತ್ತು ವರ್ಷದ ಅಗಲಿಕೆಯ ನಂತರ ಬರೆದ ಮಾತು ಇದು. ಮುಂದಿನ ವರ್ಷಗಳು ಅವನಿಗೆ ಸುಖ ಕೊಡಲಿಲ್ಲ. ಮಗ ಸುರೂರ್ ತೀರಿಕೊಂಡ. ಉಳಿದ ಮಗಳು ಸಿತ್ ಅಲ್-ದಾರ್. ಏಡನ್ನಿನ ಶ್ರೀಮಂತ ಗೆಳೆಯನೊಬ್ಬ ತನ್ನ ಮಗನಿಗೆ ಅವಳನ್ನು ಕೇಳಿದ. ಬೆನ್ ಯಿಜು ಒಪ್ಪಲಿಲ್ಲ. ಕೊನೆಗೆ 1156ರಲ್ಲಿ ಈಜಿಪ್ಟಿನ ಫುಸ್ತಾತ್‌ನಲ್ಲಿ ಅವಳ ಮದುವೆ ಅವನ ತಮ್ಮ ಯೂಸುಫನ ಮಗ ಪೆರಾಹ್ಯಾನೊಂದಿಗೆ ನಡೆಯಿತು. ವಧುವಿಗೆ ಕೊಟ್ಟ ಒಡವೆ ವಸ್ತುಗಳ ಪಟ್ಟಿ ಇಂದಿಗೂ ಇದೆ. ಈ ಪಯಣದ ಕಾಗದಗಳಲ್ಲಿ ಅಶುವಿನ ಹೆಸರು ಕಾಣುವುದಿಲ್ಲ.

ಬೆನ್ ಯಿಜುವಿನ ಕೈಬರಹದಲ್ಲಿಯೇ ಧರ್ಮಶಾಸ್ತ್ರದ ಪ್ರಶ್ನೋತ್ತರಗಳ ಕರಡುಗಳು ಸಿಕ್ಕಿವೆ. ದಾಸಿಯ ಮಕ್ಕಳ ಸ್ಥಾನಮಾನ ಕುರಿತ ಚರ್ಚೆಯೂ ಅವುಗಳಲ್ಲಿ ಸೇರಿದೆ. ಒಬ್ಬ ತಂದೆ ತನ್ನ ಮಗಳ ಪರವಾಗಿ ಶಾಸ್ತ್ರದೊಂದಿಗೆ ಸೆಣಸುತ್ತಿದ್ದಾನೆ ಎಂದು ಓದಿದವರಿಗೆ ಅನಿಸದಿರದು. ಯಾವ ಕಟ್ಟಳೆ ಅಶುವಿಗೆ ಬಿಡುಗಡೆ ಕೊಟ್ಟಿತೋ ಅದೇ ಕಟ್ಟಳೆ ಅವಳ ಮಕ್ಕಳ ಹುಟ್ಟನ್ನು ಪ್ರಶ್ನಿಸಲು ಇತರರಿಗೆ ಅವಕಾಶವನ್ನೂ ಕೊಟ್ಟಿತು.

ಕಾಗದಗಳು ಉಳಿದ ಬಗೆಯನ್ನು ಈಗ ಹೇಳಬೇಕು. ಫುಸ್ತಾತ್ ಎಂದರೆ ಹಳೆಯ ಕೈರೋ. ಅಲ್ಲಿನ ಬೆನ್ ಎಜ್ರಾ ಸಿನಗಾಗಿನಲ್ಲಿ ಗೋಡೆಯ ಮೇಲ್ಭಾಗದ ಕಂಡಿಯಿಂದ ಏಣಿ ಹಾಕಿ ತಲುಪಬೇಕಾದ ಒಂದು ಕತ್ತಲ ಕೋಣೆಯಿತ್ತು. ಇಂಥ ಕೋಣೆಗೆ 'ಗೆನಿಜಾ' ಎನ್ನುತ್ತಾರೆ. ಹಳತಾದ ಧರ್ಮಗ್ರಂಥಗಳನ್ನು ಅಲ್ಲಿ ಹಾಕಿ, ಮುಂದೆ ತೆಗೆದು ಸ್ಮಶಾನದಲ್ಲಿ ಹೂಳುವುದು ಪದ್ಧತಿ. ನಿಷೇಧವಿದ್ದದ್ದು ದೇವರ ಹೆಸರನ್ನು ಅಳಿಸಬಾರದೆಂದು. ಆದರೆ ಪತ್ರದ ತಲೆಯಲ್ಲಿ ದೇವರ ಹೆಸರು ಇಲ್ಲದೆ ಯಾರು ಬರೆಯುತ್ತಾರೆ? ಹೀಬ್ರೂ ಲಿಪಿಯೇ ಪವಿತ್ರವೆಂಬ ಭಾವನೆಯೂ ಸೇರಿ, ಅರಬ್ಬಿ ಭಾಷೆಯನ್ನು ಹೀಬ್ರೂ ಅಕ್ಷರದಲ್ಲಿ ಬರೆದ ಮೆಣಸಿನ ಲೆಕ್ಕವೂ ಆ ಕೋಣೆಗೆ ಬಿತ್ತು. ಫುಸ್ತಾತ್‌ನವರು ಹಾಕಿದ್ದನ್ನು ಹೂಳುವ ಕೆಲಸವನ್ನು ಪೂರ್ತಿ ಮಾಡಲಿಲ್ಲ. ಒಣ ಹವೆಯಲ್ಲಿ ಕಾಗದ ಕೊಳೆಯಲೂ ಇಲ್ಲ. ಕೇಂಬ್ರಿಜ್‌ನ ವಿದ್ವಾಂಸ ಸೊಲೊಮನ್ ಶೆಕ್ಟರ್ 1896ರ ಕೊನೆಯಲ್ಲಿ ಕೈರೋಗೆ ಹೋಗಿ, ಧೂಳು ಕುಡಿದು, ಸುಮಾರು 1,93,000 ತುಣುಕುಗಳನ್ನು ತಂದ. ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸರು ಇವುಗಳಲ್ಲಿ ಭಾರತದ ವ್ಯಾಪಾರಕ್ಕೆ ಸಂಬಂಧಿಸಿದವನ್ನು ಹೆಕ್ಕಿ ದಶಕಗಳ ಕಾಲ ದುಡಿದರು. 1985ರಲ್ಲಿ ಅವರು ತೀರಿಕೊಂಡ ಮೇಲೆ ಮೊರ್ದೆಕಾಯ್ ಫ್ರೀಡ್‌ಮನ್ ಆ ಕೆಲಸ ಮುಂದುವರಿಸಿ 2008ರಲ್ಲಿ ಆಂಗ್ಲ ಆವೃತ್ತಿ ಹೊರತಂದರು.

ಮಣ್ಣೆಯ ತಾಮ್ರಪಟ ಬರೆಸಿದವರಿಗೆ ನಾವು ಓದುತ್ತೇವೆಂಬ ನಿರೀಕ್ಷೆಯಿತ್ತು. ಬೆನ್ ಯಿಜುವಿಗೆ ಇರಲಿಲ್ಲ. ಅದಕ್ಕೇ ಅವನ ಕಾಗದದಲ್ಲಿ ಪ್ರಶಸ್ತಿಯಿಲ್ಲ, ಬಿರುದಾವಳಿಯಿಲ್ಲ. ಸಕ್ಕರೆ ಎಷ್ಟು ಬಂತು, ಯಾರು ದುಡ್ಡು ಕೊಡಲಿಲ್ಲ ಎಂಬ ಮಾತು ಮಾತ್ರ.

ಅದೇ ಗೆನಿಜಾ ಕೋಣೆಯಲ್ಲಿ ಇನ್ನೊಬ್ಬ ಮಹನೀಯನ ಹಸ್ತಾಕ್ಷರಗಳೂ ಸಿಕ್ಕಿವೆ. ಪಾಶ್ಚಾತ್ಯರು ಮೈಮೊನಿಡೀಸ್ ಎಂದು ಕರೆಯುವ ಮೊಶೆ ಬೆನ್ ಮೈಮೋನ್ (1138–1204) ಯೆಹೂದಿ ಧರ್ಮಶಾಸ್ತ್ರವನ್ನು ಒಟ್ಟುಗೂಡಿಸಿದ ಮೇಧಾವಿ, ವೈದ್ಯ, ದಾರ್ಶನಿಕ. ಸ್ಪೇನಿನಲ್ಲಿ ಹುಟ್ಟಿ, ಕಿರುಕುಳದಿಂದ ಊರು ಬಿಟ್ಟು, ಫುಸ್ತಾತ್‌ನಲ್ಲಿ ನೆಲೆಸಿದವನು. ಅವನಿಗೂ ಭಾರತಕ್ಕೂ ಒಂದು ದುಃಖದ ನಂಟಿದೆ. ಅವನ ತಮ್ಮ ದಾವೀದ್ ರತ್ನದ ವ್ಯಾಪಾರಿ. ಅಣ್ಣ ಓದಲಿ ಎಂದು ದುಡಿದು ಸಂಸಾರ ಸಾಕುತ್ತಿದ್ದವನು. 1170ರ ಸುಮಾರಿಗೆ ಕೆಂಪು ಸಮುದ್ರದ ಬಂದರಿನಿಂದ, ಭಾರತದ ಕಡೆ ಹಡಗು ಹತ್ತುತ್ತೇನೆ, ಹೆದರಬೇಡ ಎಂದು ಅಣ್ಣನಿಗೆ ಅವನು ಬರೆದ ಕಾಗದವೂ ಗೆನಿಜಾದಲ್ಲಿದೆ. ಹಡಗು ಮುಳುಗಿತು. ಸುದ್ದಿ ಕೇಳಿ ಮೊಶೆ ಸುಮಾರು ಒಂದು ವರ್ಷ ಹಾಸಿಗೆ ಹಿಡಿದ. ಆ ಮೇಲೆ ವೈದ್ಯವೃತ್ತಿಯಿಂದ ಜೀವನ ಸಾಗಿಸಿದ.

ಕಟ್ಟಳೆಗಳು ಏತಕ್ಕೆ ಎಂಬ ಪ್ರಶ್ನೆಗೆ ಈ ಮೊಶೆ ಕೊಟ್ಟ ಉತ್ತರಗಳಲ್ಲಿ ಒಂದು ನಿಮ್ಮ ವಯಸ್ಸಿನವರಿಗೆ ಬಹಳ ಹಿಡಿಸಬೇಕು. ಒಬ್ಬನ ಬಳಿ ಸಾವಿರ ಹೊನ್ನಿದೆ ಎನ್ನೋಣ. ಅದನ್ನು ಒಬ್ಬ ಬಡವನಿಗೆ ಒಂದೇ ಸಲ ಕೊಟ್ಟುಬಿಡಬಹುದು. ಇಲ್ಲವೇ ಒಂದೊಂದು ಹೊನ್ನಿನಂತೆ ಸಾವಿರ ಸಲ ಕೊಡಬಹುದು. ಕೊಟ್ಟ ಮೊತ್ತ ಒಂದೇ. ಆದರೆ ಎರಡನೆಯವನೇ ಉದಾರಿಯಾಗುತ್ತಾನೆ ಎಂಬುದು ಮೊಶೆಯ ಅಭಿಪ್ರಾಯ. ಏಕೆಂದರೆ ಸಾವಿರ ಸಲ ಅವನು ಮುಷ್ಟಿ ಬಿಚ್ಚಬೇಕಾಯಿತು. ಒಂದು ಸಲದ ಉಕ್ಕು ಬಂದು ಹೋಗುತ್ತದೆ. ಮತ್ತೆ ಮತ್ತೆ ಮಾಡಿದ್ದು ಸ್ವಭಾವವಾಗಿ ನೆಲೆಸುತ್ತದೆ. ಹೃದಯ ಶುದ್ಧವಾದ ಮೇಲೆ ಕೆಲಸ ಮಾಡೋಣ ಎಂದು ಕಾಯದೆ, ಕೆಲಸ ಮಾಡಿದರೆ ಹೃದಯ ಹಿಂದೆಯೇ ಬರುತ್ತದೆ ಎಂಬ ಈ ಚಿಂತನೆ ಮುಂದಿನ ಯೆಹೂದಿ ಗ್ರಂಥಕಾರರಲ್ಲೂ ಬೆಳೆಯಿತು. ವೀಣೆ ಕಲಿಯುವವರಿಗೆ, ಕುಸ್ತಿಯ ಅಖಾಡಕ್ಕೆ ಇಳಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾನದಲ್ಲಿ ಎಂಟು ಮೆಟ್ಟಿಲುಗಳನ್ನೂ ಅವನು ಗುರುತಿಸಿದ. ಒಲ್ಲದ ಮನಸ್ಸಿನಿಂದ ಕೊಡುವುದು ತಳದ ಮೆಟ್ಟಿಲು. ಕೊಟ್ಟವನು ಯಾರೆಂದು ಪಡೆದವನಿಗೆ, ಪಡೆದವನು ಯಾರೆಂದು ಕೊಟ್ಟವನಿಗೆ ತಿಳಿಯದಂತೆ ಕೊಡುವುದು ಬಹು ಮೇಲಿನದು. ಎಲ್ಲಕ್ಕಿಂತ ಮೇಲಿನದು ಸಾಲ ಕೊಟ್ಟೋ ಪಾಲು ಕೊಟ್ಟೋ ಕೆಲಸ ಕೊಟ್ಟೋ ಇನ್ನೊಬ್ಬನು ಬೇಡದೆ ಬದುಕುವಂತೆ ಮಾಡುವುದು. ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರು ಕಾಯಕ ಮತ್ತು ದಾಸೋಹದ ಮಾತಾಡುತ್ತಿದ್ದರು. ಒಬ್ಬರ ಪ್ರಭಾವ ಇನ್ನೊಬ್ಬರ ಮೇಲೆ ಆಯಿತೆಂದಲ್ಲ. ಶರಣರು ಬರಿಯ ಆಚರಣೆಯ ಜಡತೆಯನ್ನು ಕಟುವಾಗಿ ಟೀಕಿಸಿದವರು, ಮೊಶೆಯೋ ಆಚರಣೆಯ ಒಂದೊಂದು ಎಳೆಯನ್ನೂ ಕ್ರೋಡೀಕರಿಸಿದವನು. ಆದರೂ ಕೈಯ ಕೆಲಸ ಒಳಗನ್ನು ತಿದ್ದುತ್ತದೆಂಬ ನಂಬಿಕೆಯಲ್ಲಿ ಇಬ್ಬರೂ ಹತ್ತಿರ ಬರುತ್ತಾರೆ.

ಗ್ರಂಥವೇ ಇಲ್ಲದಿದ್ದರೆ? ಬರಿಯ ಆಚರಣೆ ಎಷ್ಟು ಕಾಲ ಉಳಿದೀತು? ಇದಕ್ಕೆ ಉತ್ತರ ನಮ್ಮ ನೆರೆಯ ಕೊಂಕಣ ತೀರದಲ್ಲಿದೆ. ಅಲ್ಲಿನ ಬೆನೆ ಇಸ್ರೇಲ್ ಸಮುದಾಯದವರು ಮರಾಠಿ ಮಾತಾಡುವ ಯೆಹೂದ್ಯರು, ಕಸುಬಿನಿಂದ ಗಾಣಿಗರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಹೊರೆಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಶತಮಾನಗಳ ಕಾಲ ಅವರ ಬಳಿ ಹೀಬ್ರೂ ಗ್ರಂಥವಿರಲಿಲ್ಲ, ಪುರೋಹಿತ ವಿದ್ವಾಂಸರಿರಲಿಲ್ಲ. ದೇವರೊಬ್ಬನೇ ಎಂದು ಸಾರುವ ಒಂದು ಪುಟ್ಟ ಪ್ರಾರ್ಥನೆ, ಗಂಡುಮಗುವಿಗೆ ಎಂಟನೆಯ ದಿನದ ಸುನ್ನತಿ, ಶನಿವಾರದ ಬಿಡುವು, ಆಹಾರದ ನೇಮ ಇಷ್ಟನ್ನು ಅವರು ಬಿಡದೆ ಹಿಡಿದಿದ್ದರು. ದಾವೀದ್ ರಹಾಬಿ ಎಂಬ ಯೆಹೂದಿಯೊಬ್ಬ ಇವರನ್ನು ಪರೀಕ್ಷಿಸಲು ಬಗೆಬಗೆಯ ಮೀನು ತಂದುಕೊಟ್ಟನೆಂದೂ, ಹೆಂಗಸರು ಹುರುಪೆ ಮತ್ತು ಈಜುರೆಕ್ಕೆಯಿದ್ದವನ್ನು ಮಾತ್ರ ಆರಿಸಿ ಅಡುಗೆಗೆ ತೆಗೆದುಕೊಂಡರೆಂದೂ ಆ ಸಮುದಾಯದ ಕಥೆಯಿದೆ. ಶಾಸ್ತ್ರವನ್ನು ಕಾಪಾಡಿದ್ದು ಪಂಡಿತರಲ್ಲ, ಅಡುಗೆಮನೆ. ನಮ್ಮ ಹಬ್ಬದ ನೇಮಗಳನ್ನು ಅಜ್ಜಿಯರಿಂದ ಕಲಿತವರಿಗೆ ಇದರಲ್ಲಿ ಆಶ್ಚರ್ಯವೇನೂ ಇರದು.

ಈ ಬೆನೆ ಇಸ್ರೇಲರ ಕಥೆ ದೇವನಹಳ್ಳಿಯಲ್ಲಿ ಹುಟ್ಟಿದ ಒಬ್ಬ ಸುಲ್ತಾನನ ಕಥೆಯೊಂದಿಗೆ ಹೆಣೆದುಕೊಂಡಿದೆ. ಬ್ರಿಟಿಷರ ಬೊಂಬಾಯಿ ಸೈನ್ಯದಲ್ಲಿ ಈ ಸಮುದಾಯದ ಅನೇಕರು ಸೇರಿದ್ದರು. ಎರಡನೆಯ ಮೈಸೂರು ಯುದ್ಧದಲ್ಲಿ (1780–84) ಅವರಲ್ಲಿ ಕೆಲವರು ಟಿಪ್ಪು ಸುಲ್ತಾನನ ಸೆರೆಯಾದರು. ಅವರಲ್ಲೊಬ್ಬ ಸಾಮ್ಯುಯೆಲ್ ಎಜೆಕಿಯೆಲ್ ದಿವೇಕರ. ಊರ ಭಾಷೆಯಲ್ಲಿ ಸಾಮಾಜಿ ಹಸಾಜಿ ದಿವೇಕರ. ನೀವು ಯಾವ ಕುಲದವರು ಎಂದು ಕೇಳಿದಾಗ ಇವರು 'ಬನಿ ಇಸ್ರಾಯೀಲ್' ಎಂದರಂತೆ. ಕುರಾನಿನಲ್ಲಿ ಓದಿ ಬಲ್ಲ ಈ ಹೆಸರಿನ ಜನರನ್ನು ಕಣ್ಣಾರೆ ಕಂಡ ಟಿಪ್ಪುವಿನ ತಾಯಿ ಅವರ ಪ್ರಾಣ ಉಳಿಸುವಂತೆ ಮಗನನ್ನು ಕೇಳಿಕೊಂಡಳಂತೆ. ಇದು ಸಮುದಾಯದಲ್ಲಿ ಬಾಯಿಂದ ಬಾಯಿಗೆ ಬಂದ ಕಥನ. ಇತಿಹಾಸದ ವಿದ್ಯಾರ್ಥಿಗಳಾದ ನೀವು ಅದನ್ನು ಕಥನವೆಂದೇ ಇಟ್ಟುಕೊಳ್ಳಬೇಕು. ಸೆರೆಯಲ್ಲಿದ್ದಾಗ ದಿವೇಕರ ಒಂದು ಹರಕೆ ಹೊತ್ತನೆಂದೂ ಹೇಳುತ್ತಾರೆ: ಬದುಕಿ ಬಂದರೆ ದೇವರಿಗೊಂದು ಮಂದಿರ ಕಟ್ಟಿಸುತ್ತೇನೆ. ಅವನು 1796ರಲ್ಲಿ ಬೊಂಬಾಯಿಯಲ್ಲಿ ಕಟ್ಟಿಸಿದ ಸಿನಗಾಗ್ ಮಾತ್ರ ಇಟ್ಟಿಗೆ ಗಾರೆಯ ಸತ್ಯ. ಆ ನಗರದ ಮೊದಲ ಸಿನಗಾಗ್ ಅದು. 'ಶಾರ್ ಹರಹಮೀಮ್', ಕರುಣೆಯ ಬಾಗಿಲು, ಎಂದು ಅದರ ಹೆಸರು. ಮಂದಿರ ಎದ್ದ ಮೇಲೆ ಅದರಲ್ಲಿ ಇಡಲು ಧರ್ಮಗ್ರಂಥದ ಸುರುಳಿ ಬೇಕಾಯಿತು. ಅದನ್ನು ತರಲು ಕೊಚ್ಚಿಗೆ ಹೋದ ದಿವೇಕರ 1797ರಲ್ಲಿ ಅಲ್ಲಿಯೇ ಕಾಲವಾದ. ಹರಕೆ ತೀರಿದಾಗ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಹಣ್ಣು ಸೇರಿಸಿ 'ಮಲೀದಾ' ಮಾಡಿ ಪ್ರವಾದಿ ಎಲೀಯನ ಹೆಸರಿನಲ್ಲಿ ಹಂಚುವ ಪದ್ಧತಿ ಬೆನೆ ಇಸ್ರೇಲರಲ್ಲಿ ಇಂದಿಗೂ ಇದೆ. ಬೇರೆ ದೇಶದ ಯೆಹೂದ್ಯರಿಗೆ ಇದು ಗೊತ್ತಿಲ್ಲ. ನಮ್ಮ ಪ್ರಸಾದ ಹಂಚುವವರಿಗೆ ಚೆನ್ನಾಗಿ ಗೊತ್ತು.

ಬೆಂಗಳೂರಿನಲ್ಲಿ ಯೆಹೂದ್ಯರು ಎಂದೂ ಬೆರಳೆಣಿಕೆಗಿಂತ ಹೆಚ್ಚಿರಲಿಲ್ಲ. ಬೆನೆ ಇಸ್ರೇಲ್ ಸೈನಿಕರು ದಂಡಿನೊಂದಿಗೆ ಬಂದರು. ಬಾಗ್ದಾದಿನ ಕಡೆಯಿಂದ ಬಂದ ರೂಬೆನ್ ಮೋಸೆಸ್ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಯ ಅಂಗಡಿ ತೆರೆದರು. ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ವಯಸ್ಕ ಗಂಡಸರು ಸೇರಬೇಕೆಂಬುದು ಸಾಂಪ್ರದಾಯಿಕ ನಿಯಮ. ಹತ್ತು ಜನ ಕೂಡುವುದೇ ದುರ್ಲಭವಾದ ಊರಿನಲ್ಲಿ ಸಿನಗಾಗ್ ಎದ್ದೇಳಲಿಲ್ಲ. ಪ್ರಾರ್ಥನೆ ಮನೆಗಳಲ್ಲಿ ನಡೆಯಿತು. ಎದ್ದದ್ದು ಒಂದು ರುದ್ರಭೂಮಿ. ಮೈಸೂರು ರಸ್ತೆಯ ಬದಿಯಲ್ಲಿರುವ ಅದು 1904ರಿಂದ ಇದೆ. ಸತ್ತವರಿಗೆ ಮಾಡುವ ಸೇವೆಯನ್ನು ಯೆಹೂದ್ಯರು ನಿಜವಾದ ದಯೆ ಎಂದು ಕರೆಯುತ್ತಾರೆ. ಸತ್ತವನು ಉಪಕಾರ ತೀರಿಸಲಾರನಲ್ಲ! ಹೆಣ ತೊಳೆಯುವುದು, ಸಾದಾ ಬಿಳಿ ಬಟ್ಟೆ ಹೊದಿಸುವುದು, ಶ್ರೀಮಂತನಿಗೂ ಬಡವನಿಗೂ ಅದೇ ಬಟ್ಟೆ ಎನ್ನುವುದು ಕಟ್ಟಳೆ. ಬಡವರ ಮನೆಯವರು ಖರ್ಚಿಗೆ ಹೆದರಿ ಹೆಣ ಬಿಟ್ಟು ಓಡುವ ಸ್ಥಿತಿ ಬಂದಾಗ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಗಮಲೀಯೇಲ್ ಎಂಬ ಗಣ್ಯ ಗುರು ತನ್ನ ಶವಕ್ಕೂ ಸಾದಾ ಬಟ್ಟೆಯೇ ಸಾಕೆಂದು ಹೇಳಿ ಈ ಸಂಪ್ರದಾಯ ಆರಂಭಿಸಿದನೆಂದು ಅವರ ಗ್ರಂಥಗಳು ತಿಳಿಸುತ್ತವೆ. ನೆನಪಿಗೆ ಬಂದವರು ಸಮಾಧಿಯ ಮೇಲೆ ಹೂವಿಗೆ ಬದಲು ಒಂದು ಸಣ್ಣ ಕಲ್ಲು ಇಟ್ಟು ಹೋಗುತ್ತಾರೆ.